ಕೈತೋಟಕ್ಕೆ ಬರುವ ನರಿ ಮತ್ತು ಅಲ್ಲಿಯ ಹಕ್ಕಿಗಳು: ಇವುಗಳ ನಡುವೆ ನಿಜಕ್ಕೂ ನಡೆಯುವುದೇನು?

ಪ್ರಶ್ನೆ

ಎರಡು ತಿಂಗಳಿಂದ ನಮ್ಮ ಕೈತೋಟಕ್ಕೆ ಕೆಂಪು ನರಿಯೊಂದು ಬಂದುಹೋಗುತ್ತಿದೆ. ಬೆಳಕು ಹರಿಯುವ ಮುನ್ನ ಬೇಲಿಯ ಸಂದಿನಿಂದ ನುಸುಳಿ, ಹುಲ್ಲಿನ ಮೇಲೆ ಮೂಗಾಡಿಸುತ್ತ ಒಂದು ಸುತ್ತು ಹಾಕಿ, ನಾನು ಹಕ್ಕಿಗಳಿಗೆ ಕಾಳು ಇಡುವ ಕಂಬದ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಅದು ಎಷ್ಟು ಚೆಂದದ ಪ್ರಾಣಿಯೆಂದರೆ, ಮೊದಲ ಕೆಲವು ದಿನ ನಾನು ಕಿಟಕಿಯ ಬಳಿ ಉಸಿರು ಬಿಗಿಹಿಡಿದು ನಿಂತು ನೋಡಿದ್ದೇನೆ. ಆದರೆ ಸರಿಯಾಗಿ ಇದೇ ಹೊತ್ತಿಗೆ ಹಕ್ಕಿಗಳು ಗೂಡು ಕಟ್ಟುವ ಕಾಲವೂ ಬಂದಿದೆ. ಬೇಲಿಯ ಪೊದೆಯಲ್ಲಿ, ನೆಲದಿಂದ ಸೊಂಟದೆತ್ತರದಲ್ಲಿ, ಬ್ಲ್ಯಾಕ್‌ಬರ್ಡ್ ಎಂಬ ಹಾಡುಹಕ್ಕಿಗಳ ಜೋಡಿಯೊಂದು ಗೂಡು ಕಟ್ಟಿದ್ದು, ಹೆಣ್ಣು ಮೊಟ್ಟೆಗಳ ಮೇಲೆ ಕಾವಿಗೆ ಕೂತಿದೆ.

ಕಳೆದ ಹದಿನೈದು ದಿನಗಳಲ್ಲಿ ಎರಡು ಬಾರಿ ಹುಲ್ಲಿನ ಮೇಲೆ ಪಾರಿವಾಳದ ಗರಿಗಳು ರಾಶಿಯಾಗಿ ಬಿದ್ದಿದ್ದವು. ಇದು ನರಿಯದೇ ಕೆಲಸ ಎಂದು ಮನೆಯವರೆಲ್ಲರೂ ತೀರ್ಮಾನಿಸಿದ್ದಾರೆ. ನನಗೆ ಅಷ್ಟು ಖಚಿತವಿಲ್ಲ, ಏಕೆಂದರೆ ಹಕ್ಕಿಗಳ ವರ್ತನೆಯೇ ನನ್ನನ್ನು ಗೊಂದಲಕ್ಕೆ ಕೆಡವಿದೆ. ಒಂದು ಬೆಳಗ್ಗೆ ಕಾಗೆಬಳಗದ ಎರಡು ಮ್ಯಾಗ್‌ಪೈ ಹಕ್ಕಿಗಳು ನರಿಯ ಬೆನ್ನಿಗೇ ಕುಪ್ಪಳಿಸುತ್ತ ಹೋದವು, ಅವುಗಳಲ್ಲೊಂದು ಅದರ ಬಾಲವನ್ನೇ ಕಚ್ಚಿ ಎಳೆಯಿತು. ನರಿ ಒಮ್ಮೆ ಹಿಂದಿರುಗಿ ನೋಡಿ ಸುಮ್ಮನೆ ಮುಂದೆ ನಡೆಯಿತು. ಮರುದಿನ ಅದೇ ನರಿ ಬಿಸಿಲಿಗೆ ಮೈಚಾಚಿ ಮಲಗಿದ್ದರೆ, ಹದಿನೈದು ಹೆಜ್ಜೆಯಾಚೆ ಪಾರಿವಾಳಗಳು ನಿರಾತಂಕವಾಗಿ ಕಾಳು ಹೆಕ್ಕುತ್ತಿದ್ದವು. ಇನ್ನೊಮ್ಮೆ ನರಿ ಎಲ್ಲಿಂದಲೋ ಮೊಟ್ಟೆಯೊಂದನ್ನು ಬಾಯಲ್ಲಿ ಹಿಡಿದು ತಂದು, ಹೂವಿನ ಪಾತಿಯಲ್ಲಿ ಮಣ್ಣು ಕೆದರಿ ಹೂತು, ಮೂಗಿನಿಂದ ಒತ್ತಿ ಸಮಮಾಡಿ ಹೋಯಿತು.

ಗರಿಗಳ ರಾಶಿ ನರಿಯದೇ ಎಂದು ತಿಳಿಯುವ ಬಗೆ ಇದೆಯೇ? ಹಕ್ಕಿಗಳು ಕೆಲವೊಮ್ಮೆ ಕಿರುಚಾಡುವುದು, ಕೆಲವೊಮ್ಮೆ ಲೆಕ್ಕಿಸದೆ ಇರುವುದು ಏಕೆ? ಎಲ್ಲಕ್ಕಿಂತ ಮುಖ್ಯವಾಗಿ, ಕಾಳು ಇಟ್ಟು ಹಕ್ಕಿಗಳನ್ನು ಕರೆದು ನಾನೇ ಅವುಗಳನ್ನು ನರಿಯ ಬಾಯಿಗೆ ಒಪ್ಪಿಸುತ್ತಿದ್ದೇನೆಯೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಮೊದಲ ಉತ್ತರ

ಗರಿಗಳ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಸಾಕ್ಷ್ಯ ಇರುವುದು ಅಲ್ಲಿಯೇ. ಮುಂದಿನ ಸಲ ರಾಶಿ ಕಂಡಾಗ ಅದನ್ನು ಗುಡಿಸುವ ಮೊದಲು ರೆಕ್ಕೆಯ ಮತ್ತು ಬಾಲದ ದೊಡ್ಡ ಗರಿಗಳನ್ನು ನಾಲ್ಕಾರು ಆರಿಸಿಕೊಂಡು ಅವುಗಳ ದಂಟಿನ ಬುಡವನ್ನು ನೋಡಿ. ಡೇಗೆ, ಬಿಜ್ಜುಗಳಂತಹ ಬೇಟೆಹಕ್ಕಿಗಳು ಗರಿಯನ್ನು ಕೊಕ್ಕಿನಿಂದ ಹಿಡಿದು ಕೀಳುತ್ತವೆ. ಆದುದರಿಂದ ದಂಟು ಬುಡದವರೆಗೂ ಇಡಿಯಾಗಿರುತ್ತದೆ, ಹೆಚ್ಚೆಂದರೆ ಕೊಕ್ಕು ಒತ್ತಿದ ಕಡೆ ಸಣ್ಣ ಕಚ್ಚು ಅಥವಾ ಬಾಗು ಕಾಣುತ್ತದೆ. ನರಿಗೆ ಕೊಕ್ಕಿಲ್ಲ, ಹಲ್ಲಿದೆ. ಅದು ಗರಿಗಳನ್ನು ಒಂದೊಂದಾಗಿ ಕೀಳುವುದಿಲ್ಲ, ಕಟ್ಟಾಗಿ ಬಾಯಿಗೆ ತೆಗೆದುಕೊಂಡು ಕತ್ತರಿಸುತ್ತದೆ. ಹಾಗಾಗಿ ದಂಟುಗಳ ಬುಡ ತುಂಡಾಗಿರುತ್ತದೆ, ಹಲವು ಗರಿಗಳು ಜೊಲ್ಲಿನಿಂದ ಒಂದಕ್ಕೊಂದು ಅಂಟಿಕೊಂಡಿರುವುದೂ ಉಂಟು. ಬೇಟೆಹಕ್ಕಿ ಕೂತಲ್ಲಿಯೇ ಗರಿ ಕಿತ್ತು ತಿನ್ನುವುದರಿಂದ ಮೆತ್ತನೆಯ ಎದೆಗರಿಗಳು ವೃತ್ತಾಕಾರವಾಗಿ ಹರಡಿರುತ್ತವೆ. ನರಿ ಸಾಮಾನ್ಯವಾಗಿ ಬೇಟೆಯನ್ನು ಹೊತ್ತುಕೊಂಡೇ ಹೋಗುತ್ತದೆ. ಎದೆಮೂಳೆ ಉಳಿದಿದ್ದರೆ ಅದನ್ನೂ ಗಮನಿಸಿ: ಅದರ ಅಂಚಿನಲ್ಲಿ ಮುಕ್ಕೋನದ ಕಚ್ಚುಗಳಿದ್ದರೆ ಅವು ಕೊಕ್ಕಿನ ಗುರುತು, ನರಿಯಾದರೆ ಮೂಳೆಯನ್ನೇ ಅಗಿದು ಮುರಿದಿರುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕತ್ತರಿಸಿದ ಗರಿಗಳು ನರಿ ತಿಂದಿತೆಂದು ಹೇಳುತ್ತವೆಯೇ ಹೊರತು ನರಿ ಕೊಂದಿತೆಂದು ಹೇಳುವುದಿಲ್ಲ. ನರಿ ಬೇಟೆಗಾರನಾಗಿರುವಷ್ಟೇ ತೋಟದ ಜಾಡಮಾಲಿಯೂ ಹೌದು. ಹಗಲಲ್ಲಿ ಬಿಜ್ಜು ಅರ್ಧ ತಿಂದು ಬಿಟ್ಟ ಪಾರಿವಾಳ, ಬೆಕ್ಕು ಕೊಂದು ತಿನ್ನದೆ ಎಸೆದ ಗುಬ್ಬಿ, ಗಾಜಿಗೆ ಡಿಕ್ಕಿ ಹೊಡೆದು ಕಿಟಕಿಯ ಕೆಳಗೆ ಬಿದ್ದ ಹಕ್ಕಿ, ಇವೆಲ್ಲವನ್ನೂ ರಾತ್ರಿ ನರಿ ಎತ್ತಿಕೊಂಡು ಹೋಗುತ್ತದೆ. ಗಾಜಿನ ಮಾತು ಹಗುರವಾದುದಲ್ಲ. ಅಮೆರಿಕದಲ್ಲಿ ಕಟ್ಟಡಗಳಿಗೆ ಬಡಿದು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆಂದು 2014ರ ಅಧ್ಯಯನವೊಂದು ಅಂದಾಜು ಮಾಡಿತ್ತು. ಅದಕ್ಕೆ ಒಂದು ವರ್ಷ ಮೊದಲು ಬಂದ ಇನ್ನೊಂದು ಅಂದಾಜಿನ ಪ್ರಕಾರ ಅದೇ ದೇಶದಲ್ಲಿ ಬೆಕ್ಕುಗಳು ಕೊಲ್ಲುವ ಹಕ್ಕಿಗಳ ಸಂಖ್ಯೆ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ, ಅದರಲ್ಲಿ ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದು. ತೋಟದಲ್ಲಿ ಹಕ್ಕಿ ಸತ್ತಾಗ ಮೊದಲ ಅನುಮಾನ ನರಿಯ ಮೇಲೆ ಹೋಗುವುದು ಅದು ಕಣ್ಣಿಗೆ ಬೀಳುವುದರಿಂದ, ಹಲವು ಸಲ ಅಷ್ಟೇ ಕಾರಣ.

ಹಾಗಾದರೆ ಬೆಳಗಿನ ಜಾವ ಅದು ಹುಲ್ಲಿನ ಮೇಲೆ ಹುಡುಕುವುದೇನನ್ನು? ಬಹುಪಾಲು ಎರೆಹುಳುಗಳನ್ನು. ಗಾಳಿಯಿಲ್ಲದ, ಬೆಚ್ಚಗಿನ, ತೇವದ ರಾತ್ರಿಗಳಲ್ಲಿ ಎರೆಹುಳುಗಳು ಮಣ್ಣಿನಿಂದ ಮೇಲೆ ಬರುತ್ತವೆ. ಅವುಗಳ ಮೈಮೇಲಿನ ಬಿರುಸು ಕೂದಲು ಹುಲ್ಲಿಗೆ ತಗುಲಿ ಆಗುವ ಸಣ್ಣ ಸದ್ದನ್ನೇ ಹಿಡಿದು ನರಿ ಮುಖ ತೂರಿಸಿ, ಹುಳುವನ್ನು ಹಲ್ಲಿನಲ್ಲಿ ಕಚ್ಚಿ, ತುಂಡಾಗದಂತೆ ನಿಧಾನವಾಗಿ ಜಗ್ಗಿ ಹೊರಗೆಳೆಯುತ್ತದೆ. ಸೂರ್ಯೋದಯದ ನಂತರ ಅದೇ ಹುಲ್ಲಿನ ಮೇಲೆ ನಿಮ್ಮ ಬ್ಲ್ಯಾಕ್‌ಬರ್ಡ್ ತಲೆ ಓರೆಮಾಡಿ ನಿಂತು, ಅದೇ ಹುಳುವನ್ನು, ಹೆಚ್ಚುಕಡಿಮೆ ಅದೇ ಎಚ್ಚರಿಕೆಯಿಂದ ಎಳೆಯುವುದನ್ನು ನೀವು ನೋಡಿರುತ್ತೀರಿ. ಈ ಎರಡು ಪ್ರಾಣಿಗಳ ನಡುವೆ ಬೇಟೆಯ ಸಂಬಂಧ ಇರುವುದು ನಿಜ. ಆದರೆ ವರ್ಷದ ಹೆಚ್ಚು ದಿನ ಅವು ಒಂದೇ ಊಟಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಕೂರುವವು. ನರಿ ಕೆದರಿದ ಹುಲ್ಲಿನ ಜಾಗದಲ್ಲಿ ಉಳಿದ ಮರಿಹುಳುಗಳಿಗಾಗಿ ಕಾಗೆಗಳೂ ಕಬ್ಬಕ್ಕಿಗಳೂ ಇಳಿಯುತ್ತವೆ. ನೆಲಕ್ಕೆ ಬಿದ್ದ ಹಣ್ಣುಗಳನ್ನು ರಾತ್ರಿ ನರಿಯೂ ಹಗಲು ಹಕ್ಕಿಗಳೂ ಹಂಚಿಕೊಳ್ಳುತ್ತವೆ.

ಎರಡನೆಯ ಉತ್ತರ

ಹಕ್ಕಿಗಳ ಕಿರುಚಾಟದ ಬಗ್ಗೆ ನೀವು ಕೇಳಿದ್ದೀರಿ. ಈ ವಿಷಯ ನನಗೆ ಬಹಳ ಪ್ರಿಯವಾದುದು. ಉತ್ತರ ತುಸು ಉದ್ದವಾದರೆ ಸಹಿಸಿಕೊಳ್ಳಿ.

ತೋಟದ ಹಕ್ಕಿಗಳು ಅಪಾಯಕ್ಕೆಲ್ಲ ಒಂದೇ ಕೂಗು ಕೂಗುವುದಿಲ್ಲ. ಆಕಾಶದಲ್ಲಿ ಗಿಡುಗ ಕಂಡರೆ ಬ್ಲ್ಯಾಕ್‌ಬರ್ಡ್, ರಾಬಿನ್, ಚೇಕಡಿ ಮುಂತಾದವು ತೆಳುವಾದ, ಬಹಳ ಎತ್ತರದ ಸ್ವರದಲ್ಲಿ ‘ಸೀ’ ಎಂದು ಎಳೆಯುತ್ತವೆ. ನೆಲದ ಮೇಲೆ ನರಿಯೋ ಬೆಕ್ಕೋ ಕಂಡರೆ, ಅಥವಾ ಹಗಲಲ್ಲಿ ಕೊಂಬೆಯ ಮೇಲೆ ಕೂತ ಗೂಬೆ ಕಣ್ಣಿಗೆ ಬಿದ್ದರೆ, ಕುಟ್ಟಿದಂತಹ, ಕತ್ತರಿಸಿದಂತಹ ‘ಚಿಂಕ್ ಚಿಂಕ್’ ಸದ್ದನ್ನು ಎಡೆಬಿಡದೆ ಮಾಡುತ್ತವೆ. ಈ ವ್ಯತ್ಯಾಸದ ಕಾರಣವನ್ನು 1955ರಲ್ಲಿ ವಿಜ್ಞಾನಿ ಪೀಟರ್ ಮಾರ್ಲರ್ ವಿವರಿಸಿದರು. ಮೆಲ್ಲಗೆ ಆರಂಭವಾಗಿ ಮೆಲ್ಲಗೆ ಮುಗಿಯುವ ಎತ್ತರದ ಸ್ವರ ಎಲ್ಲಿಂದ ಬಂತೆಂದು ಪತ್ತೆಹಚ್ಚುವುದು ಕಷ್ಟ. ಆದುದರಿಂದ ಗಿಡುಗಕ್ಕೆ ಸಿಕ್ಕಿಬೀಳದೆ ಸುತ್ತಲಿನವರನ್ನು ಎಚ್ಚರಿಸಲು ಅದು ಅನುಕೂಲ. ಥಟ್ಟನೆ ಆರಂಭವಾಗಿ ಥಟ್ಟನೆ ನಿಲ್ಲುವ, ಹಲವು ಸ್ವರಗಳು ಬೆರೆತ ಸದ್ದಿನ ಜಾಗವನ್ನಾದರೋ ಯಾರಾದರೂ ಗುರುತಿಸಬಹುದು. ನರಿಯ ಮುಂದೆ ಕೂಗುವಾಗ ಹಕ್ಕಿಗೆ ಬೇಕಾಗಿರುವುದೂ ಅದೇ. ತಾನು ಇಲ್ಲಿದ್ದೇನೆ, ನರಿ ಅಲ್ಲಿದೆ, ಎಲ್ಲರೂ ಬಂದು ನೋಡಿ ಎಂದು ಅದು ಸಾರುತ್ತಿದೆ.

ನರಿಯ ಬೇಟೆಯೆಲ್ಲ ನಿಂತಿರುವುದು ಗುಟ್ಟಿನ ಮೇಲೆ. ಅದು ಹೊಂಚಿ, ಹತ್ತಿರ ಸರಿದು, ಕೊನೆಯ ಕೆಲವು ಅಡಿಗಳನ್ನು ಒಂದೇ ನೆಗೆತದಲ್ಲಿ ದಾಟುವ ಪ್ರಾಣಿ. ಗುಟ್ಟು ರಟ್ಟಾದ ಮೇಲೆ ರೆಕ್ಕೆಯುಳ್ಳ ಬೇಟೆಯನ್ನು ಬೆನ್ನಟ್ಟಿ ಅದಕ್ಕೆ ಪ್ರಯೋಜನವಿಲ್ಲ. ಆದುದರಿಂದ ಹಕ್ಕಿಗಳ ಮುತ್ತಿಗೆ ನರಿಗೂ ಒಂದು ಸಂದೇಶ: ನಿನ್ನನ್ನು ನೋಡಿಯಾಗಿದೆ, ಇಲ್ಲಿ ಕಾಯಬೇಡ. ನಿಮ್ಮ ನರಿ ಬಾಲ ಎಳೆಸಿಕೊಂಡೂ ಸುಮ್ಮನೆ ನಡೆದುದು ಈ ಕಾರಣಕ್ಕೆ; ತಿರುಗಿಬಿದ್ದರೆ ಶಕ್ತಿ ವ್ಯರ್ಥವೆಂದು ಅದಕ್ಕೆ ಗೊತ್ತು. ಬಾಲ ಎಳೆಯುವುದು ಕಾಗೆಬಳಗದ ಹಳೆಯ ಅಭ್ಯಾಸ. ಹದ್ದುಗಳಿಗೂ ನಾಯಿಗಳಿಗೂ ಅವು ಹೀಗೆಯೇ ಮಾಡುತ್ತವೆ. ಬಾಯಲ್ಲಿರುವ ತುತ್ತನ್ನು ಬಿಡಿಸುವ ಆಸೆಯಿಂದಲೂ ಮಾಡುತ್ತವೆ, ಗೂಡಿನ ಬಳಿಯಿಂದ ಅಟ್ಟುವುದಕ್ಕೂ ಮಾಡುತ್ತವೆ.

ಮಲಗಿದ ನರಿಯ ಮುಂದೆ ಪಾರಿವಾಳಗಳು ಹೆದರದೆ ಮೇಯುತ್ತಿದ್ದುದೂ ಇದಕ್ಕೆ ವಿರುದ್ಧವಾದುದಲ್ಲ. ಬಯಲಿನಲ್ಲಿ ಕಣ್ಣೆದುರು ಮಲಗಿರುವ ನರಿಗಿಂತ ಎಲ್ಲಿದೆಯೆಂದು ತಿಳಿಯದ ನರಿ ಹೆಚ್ಚು ಅಪಾಯಕಾರಿ. ಹದಿನೈದು ಹೆಜ್ಜೆಯ ಅಂತರವಿದ್ದು, ನಡುವೆ ಮರೆಯಿಲ್ಲದಿದ್ದರೆ, ಹಾರುವುದಕ್ಕೆ ಬೇಕಾದ ಸಮಯ ತಮಗಿದೆಯೆಂಬ ಅಂದಾಜು ಹಕ್ಕಿಗಿರುತ್ತದೆ. ಅದೇ ನರಿ ಎದ್ದು ತಲೆ ತಗ್ಗಿಸಿ ಹೆಜ್ಜೆ ಇಡಲಿ, ಆಗ ನೋಡಿ.

ಶತ್ರು ಯಾರೆಂಬ ತಿಳಿವಳಿಕೆಯೂ ಪೂರ್ತಿ ಹುಟ್ಟಿನಿಂದ ಬಂದುದಲ್ಲ. ಜರ್ಮನಿಯ ಎಬರ್‌ಹಾರ್ಡ್ ಕೂರಿಯೊ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಬ್ಲ್ಯಾಕ್‌ಬರ್ಡ್ ಗೂಬೆಯನ್ನು ಕಂಡು ಕಿರುಚುತ್ತಿದ್ದಾಗ, ಎದುರಿನ ಇನ್ನೊಂದಕ್ಕೆ ಗೂಬೆ ಕಾಣದಂತೆ ಮಾಡಿ, ಅದರ ಬದಲು ನಿರುಪದ್ರವಿಯಾದ ಬೇರೊಂದು ಹಕ್ಕಿಯ ಬೊಂಬೆಯನ್ನೋ ಪ್ಲಾಸ್ಟಿಕ್ ಬಾಟಲಿಯನ್ನೋ ತೋರಿಸಲಾಯಿತು. ಆ ಎರಡನೆಯ ಹಕ್ಕಿ ಮುಂದೆ ಅದನ್ನೇ ಶತ್ರುವೆಂದು ಬಗೆದು ಕೂಗತೊಡಗಿತು, ಅದನ್ನು ನೋಡಿದ ಮೂರನೆಯದೂ ಕಲಿತಿತು. ನಿಮ್ಮ ತೋಟದ ಗದ್ದಲದಲ್ಲಿ ಮರಿಗಳಿಗೆ ಪಾಠವೂ ನಡೆಯುತ್ತಿರುತ್ತದೆ ಎಂಬುದನ್ನು ನೆನೆದರೆ ನನಗೆ ಪ್ರತಿ ಬಾರಿಯೂ ಸಂತೋಷವಾಗುತ್ತದೆ.

ಒಂದು ಎಚ್ಚರಿಕೆ: ಬ್ಲ್ಯಾಕ್‌ಬರ್ಡ್‌ಗಳು ಸಂಜೆ ಮಲಗುವ ಪೊದೆ ಸೇರುವಾಗ ಯಾವ ಶತ್ರುವೂ ಇಲ್ಲದೆ ‘ಚಿಂಕ್ ಚಿಂಕ್’ ಎನ್ನುತ್ತವೆ. ಮುಸ್ಸಂಜೆಯ ಆ ಸದ್ದಿಗೆಲ್ಲ ನರಿಯನ್ನು ಹುಡುಕಲು ಹೋಗಬೇಡಿ.

ಮೂರನೆಯ ಉತ್ತರ

ಮೇಲಿನ ಎರಡು ಉತ್ತರಗಳೂ ಒಳ್ಳೆಯವೇ, ಆದರೆ ಅವುಗಳನ್ನು ಓದಿದವರಿಗೆ ನರಿಯಿಂದ ಹಕ್ಕಿಗಳಿಗೆ ಅಪಾಯವೇ ಇಲ್ಲವೆಂಬ ಭಾವನೆ ಬರಬಹುದು. ಅದನ್ನು ನಾನು ಒಪ್ಪುವುದಿಲ್ಲ. ಹಾರಬಲ್ಲ, ಎಚ್ಚರವಾಗಿರುವ ಹಕ್ಕಿಗೆ ನರಿ ದೊಡ್ಡ ಅಪಾಯವಲ್ಲ, ಸರಿ. ಹಾರಲಾರದ್ದಕ್ಕೆ, ಹಾರಲು ಒಲ್ಲದ್ದಕ್ಕೆ?

ನೆಲದ ಮೇಲೆ ಕಾವು ಕೂರುವ ಹಕ್ಕಿಯನ್ನು ತೆಗೆದುಕೊಳ್ಳಿ. ಮಲ್ಲಾರ್ಡ್ ಬಾತುಗಳು ಹಲವೆಡೆ ತೋಟದ ಪೊದೆಯ ಬುಡದಲ್ಲೇ ಮೊಟ್ಟೆಯಿಡುತ್ತವೆ, ಹೆಣ್ಣು ಸುಮಾರು 28 ದಿನ ಒಂಟಿಯಾಗಿ ಕಾವಿಗೆ ಕೂರುತ್ತದೆ. ಮೈಬಣ್ಣ ಅದನ್ನು ಕಣ್ಣಿನಿಂದ ಮರೆಮಾಡುತ್ತದೆ, ಮೂಗಿನಿಂದಲ್ಲ. ವಾಸನೆಯ ಈ ಒತ್ತಡ ಎಷ್ಟಿದೆಯೆಂದರೆ, ನೆಲದಲ್ಲಿ ಗೂಡು ಮಾಡುವ ಹಲವು ದಡಹಕ್ಕಿಗಳು ಕಾವಿನ ಕಾಲದಲ್ಲಿ ಗರಿಗೆ ಹಚ್ಚಿಕೊಳ್ಳುವ ಮೇಣದ ರಚನೆಯನ್ನೇ ಬದಲಿಸಿಕೊಳ್ಳುತ್ತವೆ. ಹಾಗೆ ಬದಲಾದ ಮೇಣವನ್ನು ಮೂಸಿ ಪತ್ತೆಮಾಡುವುದು ತರಬೇತಿ ಪಡೆದ ನಾಯಿಗೂ ಕಷ್ಟವಾಯಿತೆಂದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

ಕತ್ತಲೆ ಹಕ್ಕಿಯನ್ನು ಎಷ್ಟು ಅಸಹಾಯಕವಾಗಿಸುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ರೇವನ್‌ಗ್ಲಾಸ್ ಕರಾವಳಿಯ ಉದಾಹರಣೆ ಪ್ರಸಿದ್ಧವಾದುದು. ಅಲ್ಲಿಯ ಮರಳುದಿಬ್ಬಗಳಲ್ಲಿ ಗೂಡು ಮಾಡುತ್ತಿದ್ದ ಕರಿತಲೆಯ ಕಡಲಹಕ್ಕಿಗಳನ್ನು ಪ್ರಾಣಿವರ್ತನೆಯ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ಮತ್ತು ಅವರ ಶಿಷ್ಯ ಹಾನ್ಸ್ ಕ್ರೂಕ್ ವರ್ಷಗಟ್ಟಲೆ ಗಮನಿಸಿದರು. ಹಗಲಲ್ಲಿ ನರಿ ಬಂದರೆ ಹಿಂಡು ಹಿಂಡಾಗಿ ಮುತ್ತುವ ಅದೇ ಹಕ್ಕಿಗಳು ಗಾಢ ಕತ್ತಲೆಯ ರಾತ್ರಿಗಳಲ್ಲಿ ಗೂಡಿನಿಂದ ಏಳುತ್ತಲೇ ಇರಲಿಲ್ಲ. ನರಿ ತಾನು ತಿನ್ನಬಲ್ಲುದಕ್ಕಿಂತ ಎಷ್ಟೋ ಹೆಚ್ಚು ಹಕ್ಕಿಗಳನ್ನು ಕೊಂದು ಬಿಟ್ಟುಹೋಗುತ್ತಿತ್ತು. ಇದನ್ನು ಜನ ನರಿಯ ಕ್ರೌರ್ಯವೆನ್ನುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಸಾಮಾನ್ಯವಾಗಿ ಒಂದು ಹಕ್ಕಿ ಸಿಕ್ಕಿದೊಡನೆ ಉಳಿದವು ಹಾರಿಹೋಗುವುದರಿಂದ ನರಿಗೆ ನಿಲ್ಲಿಸುವುದನ್ನು ಕಲಿಯುವ ಸಂದರ್ಭವೇ ಬಂದಿಲ್ಲ. ಸಿಕ್ಕಾಗ ಹಿಡಿ, ಹೆಚ್ಚಾದುದನ್ನು ಹೂಳು ಎಂಬುದು ಅದರ ಬದುಕಿನ ಕ್ರಮ. ಬಾಗಿಲು ಭದ್ರವಿಲ್ಲದ ಕೋಳಿಗೂಡಿನಲ್ಲಿ ನಡೆಯುವುದೂ ಇದೇ.

ನೀವು ಕಂಡ ಮೊಟ್ಟೆಯ ವಿಷಯಕ್ಕೂ ಇದೇ ಉತ್ತರ. ನರಿ ತನ್ನ ಉಳಿಕೆಯನ್ನು ಒಂದೇ ಕಡೆ ಕೂಡಿಡುವುದಿಲ್ಲ. ಒಂದೊಂದನ್ನೂ ಬೇರೆ ಬೇರೆ ಕಡೆ, ಆಳವಿಲ್ಲದ ಗುಂಡಿಯಲ್ಲಿ ಹೂಳುತ್ತದೆ. ಒಂದು ಕಳ್ಳತನವಾದರೂ ಉಳಿದವು ಉಳಿಯುತ್ತವೆ. ಹೂತ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆಂದು ಡೇವಿಡ್ ಮ್ಯಾಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿಯುತ್ತದೆ. ಇದನ್ನು ಮೇಲಿನಿಂದ ನೋಡುತ್ತಿರುವ ಕಾಗೆ, ಮ್ಯಾಗ್‌ಪೈಗಳು ನರಿ ಅತ್ತ ಹೋದೊಡನೆ ಇಳಿದು ಅಗೆಯುತ್ತವೆ. ನಿಮ್ಮ ಮ್ಯಾಗ್‌ಪೈಗಳು ನರಿಯ ಬೆನ್ನುಹತ್ತಿದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ನಿಮ್ಮ ಬ್ಲ್ಯಾಕ್‌ಬರ್ಡ್ ಮರಿಗಳ ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ. ಮರಿಗಳು ಹದಿಮೂರು ಹದಿನಾಲ್ಕು ದಿನಕ್ಕೆ ಗೂಡು ಬಿಡುತ್ತವೆ, ಆದರೆ ಆಗ ಅವಕ್ಕೆ ಸರಿಯಾಗಿ ಹಾರಲು ಬರುವುದಿಲ್ಲ. ಕೆಲವು ದಿನ ಅವು ಪೊದೆಯ ಬುಡದಲ್ಲಿ, ಎಲೆಗಳ ನಡುವೆ ಕೂತು, ತಾಯಿತಂದೆಯರನ್ನು ಕರೆಯುತ್ತಲೇ ಇರುತ್ತವೆ. ಅದೇ ಕಾಲಕ್ಕೆ ನರಿಯ ಬಿಲದಲ್ಲಿ ನಾಲ್ಕೈದು ಮರಿಗಳು ಹಸಿದಿರುತ್ತವೆ. ವರ್ಷದಲ್ಲಿ ಹಕ್ಕಿಗೆ ನರಿ ಅತ್ಯಂತ ಅಪಾಯಕಾರಿಯಾಗುವುದು ಈ ಕೆಲವೇ ದಿನಗಳಲ್ಲಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲ ಉತ್ತರವನ್ನು ಓದಿದೊಡನೆ ಗೊಬ್ಬರದ ಗುಂಡಿಗೆ ಹಾಕಿದ್ದ ಗರಿಗಳನ್ನು ಕೈಗವಸು ತೊಟ್ಟು ತೆಗೆದು ನೋಡಿದೆ. ಮೊದಲ ರಾಶಿಯ ಗರಿಗಳೆಲ್ಲ ಬುಡದವರೆಗೂ ಇಡಿಯಾಗಿವೆ, ಎರಡರಲ್ಲಿ ದಂಟಿನ ಮೇಲೆ ಸ್ಪಷ್ಟವಾದ ಕಚ್ಚು ಇದೆ. ಎರಡನೆಯ ರಾಶಿಯಲ್ಲಿ ಇಡಿಯಾದವೂ ಇವೆ, ಕತ್ತರಿಸಿದವೂ ಇವೆ. ಅಂದರೆ ಎರಡನೆಯದನ್ನು ಬಿಜ್ಜು ಕೊಂದು, ನರಿ ಬಂದು ಉಳಿದುದನ್ನು ಒಯ್ದಿರಬೇಕೆಂದು ನನಗೆ ತೋರುತ್ತದೆ. ಎರಡು ವಾರ ನಾನು ನರಿಯ ಮೇಲೆ ಹೊರಿಸಿದ್ದ ಆರೋಪ ಸುಳ್ಳೆಂದು ತಿಳಿದು ಮನಸ್ಸು ಹಗುರಾಯಿತು.

ಆದರೆ ಮೂರನೆಯವರ ಮಾತು ಮನಸ್ಸಿನಲ್ಲಿ ನಿಂತಿದೆ. ನಿನ್ನೆ ಮೊಟ್ಟೆಗಳು ಒಡೆದು ಮರಿಗಳು ಬಂದಿವೆ. ಅವು ಗೂಡು ಬಿಡುವುದರೊಳಗೆ ನಾನು ಮಾಡಬಹುದಾದುದೇನು? ನರಿಗೆ ಬೇರೆ ಕಡೆ ಆಹಾರವಿಟ್ಟರೆ ಅದು ಹಕ್ಕಿಗಳನ್ನು ಬಿಟ್ಟೀತೆಂದು ಪರಿಚಿತರೊಬ್ಬರು ಹೇಳಿದರು. ಅದು ಸರಿಯೇ?

ನಾಲ್ಕನೆಯ ಉತ್ತರ

ದಯವಿಟ್ಟು ನರಿಗೆ ಆಹಾರವಿಡಬೇಡಿ. ಹೊಟ್ಟೆ ತುಂಬಿದ ನರಿ ಬೇಟೆ ಬಿಡುತ್ತದೆಂಬುದು ತಪ್ಪು ತಿಳಿವಳಿಕೆ. ಹೆಚ್ಚಾದುದನ್ನು ಹೂಳುವ ಪ್ರಾಣಿಗೆ ಸಾಕು ಎಂಬುದೇ ಇಲ್ಲ. ಆಹಾರವಿಟ್ಟರೆ ಈಗ ಕೆಲವು ನಿಮಿಷ ಸುತ್ತಿ ಹೋಗುವ ನರಿ ಗಂಟೆಗಟ್ಟಲೆ ಅಲ್ಲೇ ಉಳಿಯುತ್ತದೆ, ಅದೂ ಮರಿಗಳು ನೆಲಕ್ಕಿಳಿಯುವ ವಾರದಲ್ಲಿ. ಅದನ್ನು ಹಿಡಿಸಿ ಸಾಗಿಸುವ ಯೋಚನೆಯೂ ಬೇಡ. ಒಂದು ನರಿಯ ಜಾಗ ತೆರವಾದರೆ ಇನ್ನೊಂದು ಬಂದು ಸೇರುತ್ತದೆ, ಬಿಲದಲ್ಲಿ ಮರಿಗಳಿದ್ದರೆ ಅವು ಹಸಿವಿನಿಂದ ಸಾಯುತ್ತವೆ.

ನೀವು ಬದಲಿಸಬೇಕಾದುದು ಕಾಳಿನ ಕಂಬದ ಬುಡವನ್ನು. ನರಿ ಅಲ್ಲಿ ನಿಲ್ಲುವುದು ಉದುರಿದ ಕಾಳು, ಕೊಬ್ಬು, ಕಡಲೆಬೀಜಗಳಿಗಾಗಿ, ಮತ್ತು ಅವುಗಳನ್ನು ತಿನ್ನಲು ಬರುವ ಇಲಿಗಳಿಗಾಗಿ. ಇಲಿಗಳು ತಾವೇ ಗೂಡಿನ ಮೊಟ್ಟೆ ಮರಿಗಳನ್ನು ತಿನ್ನುತ್ತವೆಂಬುದನ್ನು ನೆನಪಿಡಿ. ಆ ಮಟ್ಟಿಗೆ ನರಿ ನಿಮ್ಮ ಬ್ಲ್ಯಾಕ್‌ಬರ್ಡ್‌ಗಳಿಗೆ ಉಪಕಾರವನ್ನೂ ಮಾಡುತ್ತಿದೆ. ಕಂಬದ ಕೆಳಗೆ ಅಗಲವಾದ ತಟ್ಟೆ ಕಟ್ಟಿ, ಒಂದು ದಿನಕ್ಕೆ ಮುಗಿಯುವಷ್ಟೇ ಕಾಳು ಹಾಕಿ, ಸಂಜೆ ನೆಲ ಗುಡಿಸಿದರೆ ನರಿಗೆ ಅಲ್ಲಿ ನಿಲ್ಲುವ ಕಾರಣವೇ ಉಳಿಯುವುದಿಲ್ಲ. ಕಂಬವು ದಟ್ಟ ಪೊದೆಯಿಂದ ಎರಡು ಮೀಟರಿನಷ್ಟಾದರೂ ದೂರವಿರಲಿ. ಪೊದೆ ತೀರ ಹತ್ತಿರವಿದ್ದರೆ ಬೆಕ್ಕಿಗೂ ನರಿಗೂ ಹೊಂಚುವ ಮರೆ ಸಿಗುತ್ತದೆ, ಬಹಳ ದೂರವಿದ್ದರೆ ಬಿಜ್ಜು ಎರಗಿದಾಗ ಹಕ್ಕಿಗೆ ಓಡಿ ಸೇರಲು ಆಸರೆ ಇರುವುದಿಲ್ಲ.

ಗೂಡಿನ ಬಳಿ ಮಾಡಬೇಕಾದುದಕ್ಕಿಂತ ಮಾಡಬಾರದುದೇ ಹೆಚ್ಚು. ದಿನವೂ ಹೋಗಿ ಇಣುಕಬೇಡಿ. ತುಳಿದ ಹುಲ್ಲು, ಸರಿಸಿದ ಕೊಂಬೆ, ಗಾಬರಿಗೊಂಡ ತಾಯಿಯ ಕೂಗು, ಇವೆಲ್ಲ ಕಾಗೆಗಳಿಗೆ ದಾರಿ ತೋರಿಸುತ್ತವೆ. ಪೊದೆಯ ಬುಡದ ಕಳೆ, ಒಣ ಎಲೆ, ತಗ್ಗಿದ ಮುಳ್ಳುಕೊಂಬೆಗಳನ್ನು ಈ ಒಂದು ತಿಂಗಳು ಮುಟ್ಟಬೇಡಿ. ನೆಲಕ್ಕಿಳಿದ ಮರಿ ಬದುಕುವುದು ಅವುಗಳ ಮರೆಯಲ್ಲೇ. ತೋಟವನ್ನು ಚೊಕ್ಕಟ ಮಾಡುವ ನಮ್ಮ ಹುಮ್ಮಸ್ಸಿನಿಂದ ಬಯಲಿಗೆ ಬಿದ್ದು ಸತ್ತ ಮರಿಗಳು ಕಡಿಮೆಯಿಲ್ಲ. ಗೂಡು ಬಿಟ್ಟ ಮರಿಯನ್ನು ಕಂಡು ಅನಾಥವೆಂದು ಎತ್ತಿ ಒಳಗೊಯ್ಯಬೇಡಿ. ಬಯಲಿನಲ್ಲಿ ಕೂತಿದ್ದರೆ ಹತ್ತಿರದ ಪೊದೆಯೊಳಕ್ಕೆ ಸರಿಸಿದರೆ ಸಾಕು, ತಾಯಿತಂದೆಯರು ದನಿ ಹಿಡಿದು ಬರುತ್ತಾರೆ. ನೆಲದ ಮೇಲೆ ಬಾತಿನ ಗೂಡು ಇರುವವರು ಮಾತ್ರ ತಂತಿಬಲೆಯ ಯೋಚನೆ ಮಾಡಬಹುದು. ಅದನ್ನು ನೆಲದಲ್ಲಿ ಹೊರಕ್ಕೆ ಮಡಚಿ ಹಾಸಿ ಗೂಟ ಹೊಡೆಯಬೇಕು, ಇಲ್ಲದಿದ್ದರೆ ನರಿ ಕೆಳಗಿನಿಂದ ತೋಡುತ್ತದೆ. ಎರಡು ಮೀಟರ್ ಎತ್ತರದ ಬೇಲಿಯನ್ನೂ ಅದು ಹತ್ತಬಲ್ಲದು.

ಸತ್ತ ಹಕ್ಕಿಯ ಗರಿಗಳನ್ನು ನೀವು ಕೈಗವಸು ತೊಟ್ಟು ಮುಟ್ಟಿದ್ದು ಒಳ್ಳೆಯದಾಯಿತು. 2021ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಕಾಯಿಲೆಬಿದ್ದ ನರಿಮರಿಗಳಲ್ಲಿ ಎಚ್5ಎನ್1 ಹಕ್ಕಿಜ್ವರದ ವೈರಸ್ ಪತ್ತೆಯಾಯಿತು; ಸೋಂಕಿತ ಹಕ್ಕಿಗಳನ್ನು ತಿಂದುದೇ ಅದರ ದಾರಿಯೆಂದು ತಿಳಿಯಲಾಗಿದೆ. ಗುಂಪುಗುಂಪಾಗಿ ಹಕ್ಕಿಗಳು ಸತ್ತುಬಿದ್ದರೆ ಬರಿಗೈಯಿಂದ ಮುಟ್ಟದೆ ಸಂಬಂಧಪಟ್ಟ ಇಲಾಖೆಗೆ ತಿಳಿಸಬೇಕು. ಕಾಳಿನ ತಟ್ಟೆ, ನೀರಿನ ಬೋಗುಣಿಗಳನ್ನು ವಾರಕ್ಕೊಮ್ಮೆಯಾದರೂ ತೊಳೆದು ಒಣಗಿಸಿ. 2005ರಲ್ಲಿ ಬ್ರಿಟನ್ನಿನ ಫಿಂಚ್ ಎಂಬ ಕಾಳು ತಿನ್ನುವ ಸಣ್ಣ ಹಕ್ಕಿಗಳಲ್ಲಿ ಕಾಣಿಸಿಕೊಂಡು ಹಸಿರು ಫಿಂಚ್‌ಗಳ ಸಂಖ್ಯೆಯನ್ನೇ ಕುಗ್ಗಿಸಿದ ಟ್ರೈಕೊಮೊನಾಸ್ ಎಂಬ ಪರಜೀವಿಯ ಸೋಂಕು ಗಂಟಲಿನಲ್ಲಿ ನೆಲೆಸಿ, ಎಂಜಲು ತಗುಲಿದ ಕಾಳು ನೀರುಗಳಿಂದ ಹರಡುತ್ತದೆ. ಗರಿ ಉಬ್ಬಿಸಿಕೊಂಡು ನೆಲದಲ್ಲಿ ಕೂತ ಅಂತಹ ರೋಗಿ ಹಕ್ಕಿಯೇ ನರಿಗೆ ಸುಲಭವಾಗಿ ಸಿಗುವುದು. ಆಗಲೂ ನಾವು ಬೈಯುವುದು ನರಿಯನ್ನು.

ಐದನೆಯ ಉತ್ತರ

ಚಿಕ್ಕದೊಂದು ಸೇರ್ಪಡೆ. ವಸಂತದಿಂದ ನರಿಯ ಮೈಕೂದಲು ಉದುರತೊಡಗುತ್ತದೆ. ಅದು ನುಸುಳುವ ಬೇಲಿಯ ಸಂದಿನಲ್ಲಿ ಅಂಟಿಕೊಂಡ ಉಣ್ಣೆಯಂತಹ ಎಳೆಗಳನ್ನು ಕಿತ್ತೊಗೆಯದೆ ಬಿಡಿ. ಚೇಕಡಿಗಳು ಗೂಡಿನ ಒಳಪದರಕ್ಕೆ ಪ್ರಾಣಿಗಳ ಕೂದಲನ್ನು ಆಯ್ದುಕೊಂಡು ಹೋಗುತ್ತವೆ. ಅವುಗಳ ಅಮೆರಿಕದ ಬಂಧುಗಳು ಮಲಗಿರುವ ಜೀವಂತ ರಕೂನಿನ ಮೈಯಿಂದಲೇ ಕೂದಲು ಕಿತ್ತುಕೊಳ್ಳುವುದನ್ನು ಗಮನಿಸಿದವರು 2021ರಲ್ಲಿ ಈ ವರ್ತನೆಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಗೂಡು ಕಟ್ಟುವ ಹಕ್ಕಿಗೆ ನರಿಯಿಂದ ಇದೂ ಸಿಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹೇಳಿದಂತೆ ತಟ್ಟೆ ಕಟ್ಟಿದೆ, ಸಂಜೆ ಗುಡಿಸಿದೆ, ಪೊದೆಯ ಬುಡವನ್ನು ಮುಟ್ಟಲಿಲ್ಲ. ನರಿ ಬರುವುದನ್ನು ನಿಲ್ಲಿಸಿಲ್ಲ, ಆದರೆ ಕಂಬದ ಬಳಿ ನಿಲ್ಲದೆ ನೇರವಾಗಿ ಹುಲ್ಲಿಗೆ ಹೋಗುತ್ತದೆ. ಮರಿಗಳು ಮೂರಿದ್ದವು, ಹದಿನಾಲ್ಕನೆಯ ದಿನ ಗೂಡು ಬಿಟ್ಟವು. ಆ ಬೆಳಗ್ಗೆ ಬೇಲಿಯ ಮೇಲೆ ಗಂಡು ಬ್ಲ್ಯಾಕ್‌ಬರ್ಡ್ ಇಪ್ಪತ್ತು ನಿಮಿಷ ಬಿಡದೆ ‘ಚಿಂಕ್ ಚಿಂಕ್’ ಎಂದು ಕುಟ್ಟಿತು. ರಾಬಿನ್ ಬಂದು ಸೇರಿತು, ಮ್ಯಾಗ್‌ಪೈಗಳೂ ಬಂದವು, ನರಿ ತಲೆ ತಗ್ಗಿಸಿ ಬೇಲಿಯಾಚೆ ಹೋಯಿತು. ಈಗ ಎರಡು ಮರಿಗಳು ಹುಲ್ಲಿನ ಮೇಲೆ ತಂದೆಯ ಹಿಂದೆ ಓಡಾಡುತ್ತ ತಾವೇ ಹುಳು ಎಳೆಯಲು ಪ್ರಯತ್ನಿಸುತ್ತಿವೆ. ಮೂರನೆಯದು ಗೂಡು ಬಿಟ್ಟ ಐದನೆಯ ದಿನದಿಂದ ಕಾಣುತ್ತಿಲ್ಲ; ಪೊದೆಯ ಬುಡದಲ್ಲೆಲ್ಲ ಹುಡುಕಿದೆ, ಒಂದು ಗರಿಯೂ ಸಿಗಲಿಲ್ಲ.